ಹಾಲು ಹಾಳಾಗೋಕೆ ಒಂದಕ್ಷರ ಸಾಕು

ಹೋದ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ಕಾಡಂಚಿನ ಒಂದು ಹಾಡಿಗೆ (ಬುಡಕಟ್ಟಿನವರ ಊರು) ಹೆಲ್ತ್ ಕ್ಯಾಂಪ್ ಅಂತ ಹೋಗಿದ್ವಿ. ನಂದು ಲ್ಯಾಬ್ ಕೆಲಸ, ಬೆರಳು ಚುಚ್ಚಿ ಸ್ವಲ್ಪ ರಕ್ತ ತಗೊಂಡು ಟ್ಯೂಬಿಗೆ ಹಾಕೋದು, ಅಷ್ಟೇ. ಕುಡುಗೋಲು ಕಣದ ಟೆಸ್ಟು, ಅದೇ ಕೆಂಪು ರಕ್ತಕಣ ಸೊಟ್ಟಗಾಗೋ ಸಿಕಲ್ ಸೆಲ್ ಕಾಯಿಲೆ ಅಂತಾರಲ್ಲ, ಅದರದ್ದು, ನೋಡೋಕೆ ತುಂಬಾ ಸಿಂಪಲ್. ಟ್ಯೂಬಲ್ಲಿರೋ ದ್ರಾವಣ ಕೆಂಪು ರಕ್ತಕಣ ಒಡೆದು ಒಳಗಿನ ಹಿಮೋಗ್ಲೋಬಿನ್ನನ್ನ ಹೊರಗೆ ಬಿಡತ್ತೆ, ಜೊತೆಗೆ ಅದು ಹಿಡ್ಕೊಂಡಿರೋ ಆಕ್ಸಿಜನ್ನನ್ನೂ ಕಿತ್ಕೊಳ್ಳತ್ತೆ. ಐದು ನಿಮಿಷ ಬಿಟ್ಟು ಟ್ಯೂಬನ್ನ ಗೆರೆ ಹಾಕಿರೋ ಬಿಳೀ ಕಾಗದದ ಮುಂದೆ ಹಿಡಿದು ನೋಡ್ಬೇಕು. ಹಿಂದಿನ ಗೆರೆ ಕಂಡ್ರೆ ನಾರ್ಮಲ್, ದ್ರಾವಣ ನೀರುಮಜ್ಜಿಗೆ ಥರ ಮಬ್ಬಾಗಿ ಗೆರೆ ಕಾಣ್ದೇ ಹೋದ್ರೆ ಪಾಸಿಟಿವ್.

ಅವತ್ತು ಒಬ್ಬ ಹೆಂಗಸಿನ ಟ್ಯೂಬು ಮಬ್ಬಾಯ್ತು, ಅವರ ಗಂಡಂದೂ ಮಬ್ಬಾಯ್ತು. ಏಳು ವರ್ಷದ ಮಗಳಿಗೆ ಕಾಯಿಲೆ ಇರೋದು ಮುಂಚೆನೇ ಗೊತ್ತಿತ್ತು, ತಿಂಗಳಿಗೊಂದ್ಸಲ ಕೈಕಾಲು ಹಿಡ್ಕೊಂಡು ಅಳ್ತಾಳೆ ಅಂದ್ರು. ಆ ತಾಯಿ ಕೇಳಿದ ಪ್ರಶ್ನೆ ಇಷ್ಟೇ: "ನಂಗೂ ಅದೇ ಇದೆ ಅಂತೀರ, ನಾನು ದಿನಾ ಸೌದೆ ಹೊತ್ಕೊಂಡ್ ಬರ್ತೀನಿ, ನಂಗೇನೂ ಆಗಿಲ್ಲ, ಮಗಳಿಗ್ ಮಾತ್ರ ಯಾಕೆ?" ನಾನು ಕ್ಯೂ ನೋಡ್ಕೊಂಡು ಅವಸರದಲ್ಲಿ "ಅದು ಜೀನ್‌ನಲ್ಲಿ ಬಂದಿರೋದಮ್ಮಾ" ಅಂದುಬಿಟ್ಟೆ. ವಾಪಸ್ ಜೀಪಲ್ಲಿ ಬರ್ತಾ ನಂಗೇ ನಾಚಿಕೆ ಆಯ್ತು, ಯಾಕಂದ್ರೆ ಅದು ಉತ್ತರಾನೇ ಅಲ್ಲ, ಹಣೆಬರಹ ಅನ್ನೋ ಪದದ ಬದಲು ಜೀನ್ ಅನ್ನೋ ಪದ ಹಾಕಿದ್ದೆ ಅಷ್ಟೆ.

ಹಣೆಬರಹಕ್ಕೂ ಜೀನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಣೆಬರಹ ಒಂದ್ಸಲ ಬರೆದ್ರೆ ಮುಗೀತು, ಯಾರೂ ಓದ್ಬೇಕಾಗಿಲ್ಲ, ತಾನಾಗೇ ನಡ್ಯತ್ತೆ. ಡಿಎನ್‌ಎ ತಾನಾಗೇ ಏನೂ ಮಾಡಲ್ಲ. ಅದನ್ನ ಯಾರೋ ಓದ್ಬೇಕು, ಓದಿದ್ದನ್ನ ಇನ್ಯಾರೋ ಮಾಡ್ಬೇಕು, ಯಾವ ಜಾಗದಲ್ಲಿ ಯಾವಾಗ ಎಷ್ಟು ಓದಿದ್ರು ಅನ್ನೋದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಆ ತಾಯಿಗೆ ಕೊಡ್ಬೇಕಾಗಿದ್ದ ಉತ್ತರಾನೂ ಅಲ್ಲೇ ಇರೋದು, ಹಾಗಾಗಿ ಇದೊಂದೇ ಜೀನನ್ನ ಹಿಡ್ಕೊಂಡು ಕೊನೇತನಕ ಹೋಗೋಣ.

ನಮ್ಮ ದೇಹದ ಹೆಚ್ಚುಕಮ್ಮಿ ಪ್ರತಿ ಜೀವಕೋಶದ ನಡುವೆ ನ್ಯೂಕ್ಲಿಯಸ್ ಅಂತ ಒಂದು ಕೋಣೆ, ಅಗಲ ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗ ಇರಬಹುದು. ಅದರೊಳಗೆ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ದಾರ 46 ಉಂಡೆಯಾಗಿ ಸುತ್ತಿಟ್ಟಿದೆ, ಅವೇ ಕ್ರೋಮೋಸೋಮ್. ಅರ್ಧ ಅಪ್ಪಂದು, ಅರ್ಧ ಅಮ್ಮಂದು, ಅದಕ್ಕೇ ಹೆಚ್ಚುಕಮ್ಮಿ ಎಲ್ಲಾ ಜೀನೂ ನಮ್ಮತ್ರ ಎರಡೆರಡು ಪ್ರತಿ ಇರತ್ತೆ. ಈ ಎರಡೆರಡು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ದಾರದ ಮೇಲೆ ಬರೆದಿರೋದು ನಾಲ್ಕೇ ಅಕ್ಷರದಲ್ಲಿ, ಎ, ಟಿ, ಜಿ, ಸಿ. ನಮ್ಮ ವರ್ಣಮಾಲೆಗೆ 49 ಬೇಕು, ಇದಕ್ಕೆ ನಾಲ್ಕೇ ಸಾಕು. ಆದ್ರೆ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ ಇದೆ. ದಾರ ಅಂದೆ, ನಿಜವಾಗ್ಲೂ ಅದು ಜೋಡಿ ದಾರ, ಎ ಎದುರಿಗೆ ಯಾವಾಗ್ಲೂ ಟಿ, ಜಿ ಎದುರಿಗೆ ಸಿ. ಒಂದು ಕಡೆ ಗೊತ್ತಿದ್ರೆ ಇನ್ನೊಂದು ಕಡೆ ತಾನಾಗೇ ಗೊತ್ತಾಗತ್ತೆ, ಜೀವಕೋಶ ಎರಡಾಗುವಾಗ ನಕಲು ಮಾಡೋಕೆ ಸುಲಭ ಆಗೋದು ಇದಕ್ಕೇ. 1953ರಲ್ಲಿ ವಾಟ್ಸನ್, ಕ್ರಿಕ್ ಇಬ್ಬರೂ ಇದನ್ನ ಬಿಡಿಸಿ ಹೇಳಿದ್ದು ರೋಸಲಿಂಡ್ ಫ್ರಾಂಕ್ಲಿನ್ ಲ್ಯಾಬಿನ ಎಕ್ಸ್‌ರೇ ಚಿತ್ರಗಳ ಆಧಾರದ ಮೇಲೆ, ಆಯಮ್ಮನಿಗೆ ಅದರ ಕ್ರೆಡಿಟ್ ಬರೋ ಹೊತ್ತಿಗೆ ಅವರೇ ಇರಲಿಲ್ಲ.

ಈ 300 ಕೋಟಿ ಅಕ್ಷರದಲ್ಲಿ ಪ್ರೋಟೀನ್ ಮಾಡೋಕೆ ನೇರವಾಗಿ ಬರೋದು ನೂರಕ್ಕೆ ಎರಡಕ್ಕಿಂತ ಕಮ್ಮಿ. ಸುಮಾರು 20,000 ಜೀನ್, ಒಂದೊಂದೂ ಒಂದೊಂದು ಅಡುಗೆ ವಿಧಾನ ಇದ್ದ ಹಾಗೆ. ನಮ್ಮ ಕಥೆಯ ಜೀನ್ ಇರೋದು 11ನೇ ಕ್ರೋಮೋಸೋಮಿನ ತುದಿ ಹತ್ರ, ಹಿಮೋಗ್ಲೋಬಿನ್‌ನ ಬೀಟಾ ಅನ್ನೋ ಸರಪಣಿ ಹೇಗೆ ಮಾಡೋದು ಅಂತ ಅದರಲ್ಲಿದೆ. ಉದ್ದ ಬರೀ 1600 ಅಕ್ಷರ ಚಿಲ್ಲರೆ. ಇದು ನಿಮ್ಮ ಕಣ್ಣಿನ ಜೀವಕೋಶದಲ್ಲೂ ಇದೆ, ಲಿವರಲ್ಲೂ ಇದೆ, ಕಾಲ್ಬೆರಳಿನ ಚರ್ಮದಲ್ಲೂ ಇದೆ, ಆದ್ರೆ ಅಲ್ಲೆಲ್ಲ ಅದನ್ನ ಯಾರೂ ತೆರೆದು ನೋಡಲ್ಲ. ಓದೋದು ಒಂದೇ ಕಡೆ, ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪು ರಕ್ತಕಣ ಆಗೋಕೆ ತಯಾರಾಗ್ತಿರೋ ಜೀವಕೋಶಗಳಲ್ಲಿ.

ಓದೋದು ಹೇಗೆ ಅಂದ್ರೆ, ಹಳೇ ಮನೇಲಿ ಅಜ್ಜಿ ಕೈಬರಹದ ಅಡುಗೆ ಪುಸ್ತಕ ಬೀರೂನಲ್ಲೇ ಇರತ್ತೆ, ಅಡುಗೆಮನೆಗೆ ತಗೊಂಡು ಹೋಗಂಗಿಲ್ಲ, ಎಣ್ಣೆ ಕೈಯಲ್ಲಿ ಮುಟ್ಟಿ ಹಾಳಾಗತ್ತೆ ಅಂತ. ಬೇಕಾದ ಒಂದು ಪುಟ ಚೀಟಿಲಿ ಬರ್ಕೊಂಡು ಒಲೆ ಹತ್ರ ಹೋಗ್ಬೇಕು. ಹಾಗೇ ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಯಂತ್ರ (ಅದೂ ಒಂದು ಪ್ರೋಟೀನೇ) ಜೋಡಿ ದಾರ ಸ್ವಲ್ಪ ಬಿಚ್ಚಿ ಒಂದು ಜೀನನ್ನ ಆರ್‌ಎನ್‌ಎ ಚೀಟಿಗೆ ಇಳಿಸ್ಕೊಳ್ಳತ್ತೆ. ಚೀಟಿಯಲ್ಲಿ ಟಿ ಬದಲು ಯು ಬರತ್ತೆ, ಮಿಕ್ಕಿದ್ದೆಲ್ಲ ಅದೇ. ಆಮೇಲೊಂದು ವಿಚಿತ್ರ ಆಗತ್ತೆ, ಬರ್ಕೊಂಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಬಿಸಾಕಿ ಉಳಿದ ತುಂಡುಗಳನ್ನ ಅಂಟಿಸ್ತಾರೆ. ಬೀಟಾ ಜೀನಲ್ಲಿ ಎರಡು ಕಡೆ ಹೀಗೆ ಕತ್ತರಿ ಬೀಳತ್ತೆ, ಉಳ್ಯೋದು ಮೂರು ತುಂಡು, ಸುಮಾರು 600 ಅಕ್ಷರ. ಈ ಚೀಟಿ ಕೋಣೆಯಿಂದ ಹೊರಗೆ ಹೋಗತ್ತೆ.

ಹೊರಗೆ ಕಾಯ್ತಿರೋದು ರೈಬೋಸೋಮ್, ಅಡುಗೆ ಭಟ್ಟರು. ಇವರು ಚೀಟಿನ ಮೂರ್ಮೂರು ಅಕ್ಷರವಾಗಿ ಓದ್ತಾರೆ, ಒಂದೊಂದು ಮೂರಕ್ಷರದ ಪದಕ್ಕೂ ಒಂದು ಅಮೈನೋ ಆಮ್ಲದ ಮಣಿ ತಂದು ಪ್ರೋಟೀನಿನ ಸರಪಣಿಗೆ ಪೋಣಿಸ್ತಾರೆ. ನಾಲ್ಕು ಅಕ್ಷರದಲ್ಲಿ 64 ಪದ ಆಗತ್ತೆ, ಅದರಲ್ಲಿ 3 ಪದ ಅಂದ್ರೆ ನಿಲ್ಸು ಅಂತ ಅರ್ಥ, ಉಳಿದ 61 ಪದ 20 ಥರದ ಅಮೈನೋ ಆಮ್ಲಕ್ಕೆ. ಅಂದ್ರೆ ಒಂದೇ ಆಮ್ಲಕ್ಕೆ ಎರಡರಿಂದ ಆರರವರೆಗೆ ಹೆಸರಿರಬಹುದು. ಯಾವ ಪದಕ್ಕೆ ಯಾವ ಆಮ್ಲ ಅಂತ ಕಂಡುಹಿಡಿದವರಲ್ಲಿ ನಮ್ಮ ಹರಗೋಬಿಂದ ಖೊರಾನಾ ಒಬ್ಬರು. ಅವರು ಯುಸಿಯುಸಿಯುಸಿ ಅಂತ ಒಂದೇ ರಾಗ ಹಾಡೋ ಆರ್‌ಎನ್‌ಎ ಕೈಯಾರೆ ಮಾಡಿ ಅದರಿಂದ ಎಂಥ ಸರಪಣಿ ಬರತ್ತೆ ಅಂತ ನೋಡಿದ್ರು, ಸೆರೀನ್ ಲ್ಯೂಸೀನ್ ಸೆರೀನ್ ಲ್ಯೂಸೀನ್ ಅಂತ ಒಂದಾದ ಮೇಲೊಂದು ಬಂತು. ಎಷ್ಟು ಚಂದದ ಲೆಕ್ಕ ನೋಡಿ, ಮೂರ್ಮೂರಾಗಿ ಒಡೆದ್ರೆ ಯುಸಿಯು, ಸಿಯುಸಿ, ಮತ್ತೆ ಯುಸಿಯು, ಎರಡೇ ಪದ. 1968ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ರೈಬೋಸೋಮ್ ನೋಡೋಕೆ ಹೇಗಿದೆ ಅನ್ನೋದನ್ನ ಅಣು ಅಣುವಾಗಿ ತೋರಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು.

ಬೀಟಾ ಜೀನ್ ಶುರು ಆಗೋದು ಹೀಗೆ: ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ ಜಿಎಜಿ ಜಿಎಜಿ ಎಎಜಿ. ಮೊದಲನೇ ಎಟಿಜಿ ಅಂದ್ರೆ ಶುರು ಮಾಡು ಅಂತ, ಅದರ ಆಮ್ಲವನ್ನ ಆಮೇಲೆ ಕಿತ್ತುಹಾಕ್ತಾರೆ, ಹಾಗಾಗಿ ಎಣಿಕೆ ಎರಡನೇ ಪದದಿಂದ. (ಕೆಲವು ಕಡೆ ಇದನ್ನೂ ಸೇರಿಸಿ ಎಣಿಸ್ತಾರೆ, ಅದಕ್ಕೇ ಒಂದು ಪುಸ್ತಕದಲ್ಲಿ 6ನೇದು ಅಂತಿದ್ರೆ ಇನ್ನೊಂದರಲ್ಲಿ 7ನೇದು ಅಂತಿರತ್ತೆ, ಓದುವಾಗ ನಾನೇ ಎಷ್ಟೋ ಸಲ ತಲೆ ಕೆಡಿಸ್ಕೊಂಡಿದೀನಿ.) ಆರನೇ ಪದ ಜಿಎಜಿ. ಗ್ಲುಟಾಮಿಕ್ ಆಮ್ಲ. ಆ ಹುಡುಗಿಯಲ್ಲಿ ಅದು ಜಿಟಿಜಿ ಆಗಿದೆ, ವ್ಯಾಲೀನ್. ನಡುವಿನ ಎ ಹೋಗಿ ಟಿ ಬಂದಿದೆ, ಮಿಕ್ಕ ಒಂದಕ್ಷರಾನೂ ಅಲುಗಿಲ್ಲ.

ಒಂದಕ್ಷರದಿಂದ ಏನಾಗತ್ತೆ ಅಂತ ಕನ್ನಡದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಹಾಲು ಬರೆಯೋ ಕಡೆ ಹಾಳು ಅಂತ ಬರೆದು ನೋಡಿ. ಆದ್ರೆ ಎಲ್ಲಾ ತಪ್ಪೂ ಅಷ್ಟು ದುಬಾರಿ ಅಲ್ಲ. ಅದೇ ಜಿಎಜಿಯ ಕೊನೇ ಜಿ ಹೋಗಿ ಎ ಬಂದಿದ್ರೆ ಜಿಎಎ, ಅದಕ್ಕೂ ಗ್ಲುಟಾಮಿಕ್ ಆಮ್ಲ ಅಂತಾನೇ ಅರ್ಥ, ಏನೂ ಆಗ್ತಿರಲಿಲ್ಲ. ಮೊದಲನೇ ಜಿ ಹೋಗಿ ಎಎಜಿ ಆದ್ರೆ ಹಿಮೋಗ್ಲೋಬಿನ್ ಸಿ ಅಂತ ಇನ್ನೊಂದು ಸ್ಥಿತಿ, ಪಶ್ಚಿಮ ಆಫ್ರಿಕಾದ ಕಡೆ ಇರೋದು, ಇಷ್ಟು ತೀವ್ರ ಅಲ್ಲ. ಅಕ್ಷರ ಬದಲಾಗೋದರ ಬದಲು ಬಿಟ್ಟೇ ಹೋದ್ರೆ ಇನ್ನೂ ಮಜಾ, ಮಜಾ ಅನ್ನಬಾರದು, ಆದ್ರೂ. "ಅವಳು ಬೆಳಗ್ಗೆ ಕಡಲೆ ಹುರಿದು ತಂದಳು" ಅನ್ನೋ ವಾಕ್ಯದಲ್ಲಿ ಪ್ರತಿ ಪದಕ್ಕೂ ಮೂರೇ ಅಕ್ಷರ. ಎರಡನೇ ಅಕ್ಷರ ಒಂದನ್ನ ತೆಗೆದು ಮತ್ತೆ ಮೂರ್ಮೂರಾಗಿ ಓದಿ: ಅಳುಬೆ ಳಗ್ಗೆಕ ಡಲೆಹು ರಿದುತಂ ದಳು. ಒಂದಕ್ಷರ ಹೋಗಿದ್ದಕ್ಕೆ ಅಲ್ಲಿಂದ ಮುಂದಿಂದೆಲ್ಲ ಚಿತ್ರಾನ್ನ. ಹಿಮೋಗ್ಲೋಬಿನ್ ಸಾಲದೇ ಹೋಗೋ ಬೀಟಾ ಥಲಸ್ಸೇಮಿಯಾ ಅನ್ನೋ ಕಾಯಿಲೆಯ, ನಮ್ಮ ದೇಶದಲ್ಲಿ ಸಿಗೋ ಒಂದು ರೂಪ ಇದೇ ಥರ, ಇದೇ ಜೀನಿನ 41-42ನೇ ಪದದ ಹತ್ರ ನಾಲ್ಕು ಅಕ್ಷರ ಬಿಟ್ಟುಹೋಗಿರತ್ತೆ, ಅಲ್ಲಿಂದ ಮುಂದೆ ಸರಿಯಾದ ಬೀಟಾ ಸರಪಣಿ ಬರೋದೇ ಇಲ್ಲ. ಇನ್ನೊಂದು ರೂಪದಲ್ಲಿ ಪದಗಳೆಲ್ಲ ಸರಿಯಿದ್ರೂ ಕತ್ತರಿ ಹಾಕೋ ಜಾಗದ ಗುರುತು ಅಳಿಸಿರತ್ತೆ.

ಸರಪಣಿ ಮಾಡಿ ಮುಗಿಸೋಕೆ ಹೆಚ್ಚು ಹೊತ್ತು ಬೇಕಾಗಲ್ಲ, 146 ಮಣಿ. ಆದ್ರೆ ಸರಪಣಿ ಇನ್ನೂ ಪ್ರೋಟೀನ್ ಅಲ್ಲ, ಅದು ಮಡಚ್ಕೋಬೇಕು. ಮಡಚೋದು ಯಾರು ಅಂದ್ರೆ ಮುಕ್ಕಾಲುವಾಸಿ ಸುತ್ತಲಿನ ನೀರೇ. ಕೆಲವು ಆಮ್ಲಗಳಿಗೆ ನೀರು ಇಷ್ಟ, ಕೆಲವಕ್ಕೆ ಆಗಲ್ಲ, ಎಣ್ಣೆ ಥರ. ಸಾರಿಗೆ ಒಗ್ಗರಣೆ ಹಾಕಿದಾಗ ಎಣ್ಣೆ ಹನಿಗಳು ನೀರಿಂದ ತಪ್ಪಿಸ್ಕೊಂಡು ಒಂದಕ್ಕೊಂದು ಸೇರ್ಕೊಳ್ಳಲ್ವಾ, ಹಾಗೇ ಎಣ್ಣೆ ಜಾತಿಯ ಆಮ್ಲಗಳು ಒಳಗೆ ಬಚ್ಚಿಟ್ಕೊಳ್ತವೆ, ನೀರಿನ ಜಾತಿಯವು ಹೊರಗೆ ನಿಲ್ತವೆ. ಸರಪಣಿ ಎಷ್ಟು ಬೇಕಾದ್ರೂ ಹೇಗೆ ಬೇಕಾದ್ರೂ ಬಾಗಲ್ಲ, ಯಾವ ಕೋನದಲ್ಲಿ ಬಾಗಬಹುದು ಅಂತ ನಕ್ಷೆ ಹಾಕಿ ಕೊಟ್ಟವರು ಜಿ.ಎನ್. ರಾಮಚಂದ್ರನ್, 1963ರಲ್ಲಿ ಮದ್ರಾಸಲ್ಲಿ ಕೂತು. ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದ್ರು. ಇವತ್ತಿಗೂ ಯಾರೇ ಹೊಸ ಪ್ರೋಟೀನಿನ ಆಕಾರ ತೋರಿಸಿದ್ರೂ ಅದು ಸರಿಯಿದ್ಯಾ ಅಂತ ನೋಡೋದು ರಾಮಚಂದ್ರನ್ ಪ್ಲಾಟ್ ಮೇಲೆ ಇಟ್ಟೇ.

ಹಾಗೆ ಮಡಚಿದ ಎರಡು ಬೀಟಾ, ಜೊತೆಗೆ ಆಲ್ಫಾ ಅನ್ನೋ ಇನ್ನೊಂದು ಥರದ ಎರಡು ಸರಪಣಿ ಸೇರಿದ್ರೆ ಒಂದು ಹಿಮೋಗ್ಲೋಬಿನ್. ಒಂದು ಕೆಂಪು ರಕ್ತಕಣದಲ್ಲಿ ಇಂಥವು ಸುಮಾರು 27 ಕೋಟಿ ತುಂಬ್ಕೊಂಡಿರತ್ತೆ, ಸಂತೆ ಬಸ್ಸಿನ ಹಾಗೆ. ಇಷ್ಟು ಜಾಗ ಮಾಡೋಕೆ ಆ ಜೀವಕೋಶ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಎಸೆದುಬಿಡತ್ತೆ. ನಂಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅಡುಗೆ ಪುಸ್ತಕಾನೇ ಹೋಯ್ತು, ಆದ್ರೂ ಜೇಬಲ್ಲಿ ಉಳಿದಿರೋ ಚೀಟಿಗಳನ್ನ ಇಟ್ಕೊಂಡು ಇನ್ನೂ ಒಂದೆರಡು ದಿನ ಹಿಮೋಗ್ಲೋಬಿನ್ ಮಾಡ್ತಾನೇ ಇರತ್ತೆ. ಆಮೇಲೆ ಚೀಟೀನೂ ಖಾಲಿ, ಇದ್ದಿದ್ದರಲ್ಲೇ 120 ದಿನ ಬದುಕತ್ತೆ.

ಈಗ ಆ ವ್ಯಾಲೀನ್. ಗ್ಲುಟಾಮಿಕ್ ಆಮ್ಲ ನೀರಿನ ಜಾತಿ, ಹಿಮೋಗ್ಲೋಬಿನ್ನಿನ ಹೊರಮೈ ಮೇಲೆ ಆರಾಮಾಗಿ ಇರ್ತಿತ್ತು. ಅದೇ ಜಾಗಕ್ಕೆ ಎಣ್ಣೆ ಜಾತಿಯ ವ್ಯಾಲೀನ್ ಬಂದು ಕೂತಿದೆ. ಹಿಮೋಗ್ಲೋಬಿನ್ ಆಕ್ಸಿಜನ್ ಹಿಡ್ಕೊಂಡಿರೋವರೆಗೂ ತೊಂದ್ರೆ ಇಲ್ಲ. ಆಕ್ಸಿಜನ್ ಬಿಟ್ಟ ಕೂಡ್ಲೇ ಅದರ ಆಕಾರ ಸ್ವಲ್ಪ ಬದಲಾಗತ್ತೆ, ಆಗ ಅದರ ಮೈಮೇಲೆ ಎಣ್ಣೆ ಜಾತಿಯದ್ದೇ ಒಂದು ಸಣ್ಣ ಗುಳಿ ತೆರ್ಕೊಳ್ಳತ್ತೆ, ಪಕ್ಕದವರ ವ್ಯಾಲೀನ್ ಹೋಗಿ ಆ ಗುಳಿಗೆ ಟಿಚ್ ಬಟನ್ ಥರ ಕೂತ್ಕೊಳ್ಳತ್ತೆ. ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ನೋಡ್ತಾ ನೋಡ್ತಾ ಉದ್ದದ ಹಗ್ಗಗಳು ಬೆಳೆದು ಮೆತ್ತಗಿನ ದುಂಡು ಕಣವನ್ನ ಒಳಗಿಂದ ನೂಕಿ ಕುಡುಗೋಲಿನ ಥರ ಎಳೆದುಬಿಡತ್ತೆ. ಟ್ಯೂಬಲ್ಲಿ ಮಬ್ಬಾಗಿ ಕಂಡಿದ್ದೂ ಇದೇ, ಅಲ್ಲಿ ಕಣ ಇಲ್ಲ, ಬರೀ ಕರಗದೇ ಉಳಿದ ಹಿಮೋಗ್ಲೋಬಿನ್. ಸೊಟ್ಟಗಾದ ಗಟ್ಟಿ ಕಣ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಾಕೊಳ್ಳತ್ತೆ, ಮುಂದಕ್ಕೆ ರಕ್ತ ಹೋಗಲ್ಲ, ಆಗ ಬರೋದೇ ಆ ನೋವು. ಶ್ವಾಸಕೋಶಕ್ಕೆ ವಾಪಸ್ ಬಂದು ಆಕ್ಸಿಜನ್ ಸಿಕ್ಕಿದ್ರೆ ಹಗ್ಗ ಬಿಚ್ಕೊಂಡು ಕಣ ಮತ್ತೆ ದುಂಡಗಾಗತ್ತೆ, ಆದ್ರೆ ಹೀಗೆ ಎಷ್ಟು ಸಲ ಅಂತ ಆಗತ್ತೆ, 120 ದಿನ ಬದುಕಬೇಕಾದ್ದು 10-20 ದಿನಕ್ಕೇ ಒಡೆದು ಹೋಗತ್ತೆ. ಮೈಯಲ್ಲಿ ನೀರು ಕಮ್ಮಿ ಆದ್ರೆ, ಚಳಿ ಹಿಡಿದ್ರೆ, ಜ್ವರ ಬಂದ್ರೆ ನೋವು ಶುರು ಆಗೋದು ಜಾಸ್ತಿ, ಅದಕ್ಕೇ ಇಂಥ ಮಕ್ಕಳಿಗೆ ನೀರು ಕುಡೀತಾ ಇರು, ಬೆಚ್ಚಗಿರು ಅಂತ ಮತ್ತೆ ಮತ್ತೆ ಹೇಳೋದು.

ತಾಯಿಗೆ ಯಾಕೆ ಆಗಲ್ಲ? ಎರಡೆರಡು ಪ್ರತಿ ಅಂದೆನಲ್ಲ. ಮಗಳಿಗೆ ಎರಡೂ ಜಿಟಿಜಿ. ತಾಯಿಗೆ ಒಂದು ಜಿಟಿಜಿ, ಒಂದು ಸರಿಯಾದ ಜಿಎಜಿ, ಎರಡೂ ಜೀನನ್ನ ಓದ್ತಾರೆ, ಎರಡೂ ಥರದ ಸರಪಣಿ ಬರತ್ತೆ. ಅರ್ಧಕ್ಕಿಂತ ಜಾಸ್ತಿ ಸರಿಯಾದ ಹಿಮೋಗ್ಲೋಬಿನ್ನೇ ತುಂಬಿರೋದ್ರಿಂದ ಹಗ್ಗ ಬೆಳೆಯೋಕೆ ಹೋದಾಗೆಲ್ಲ ನಡುವೆ ಗಂಟು ಹಾಕದ ಒಂದು ಬಂದು ನಿಂತುಬಿಡತ್ತೆ, ಸೌದೆ ಹೊತ್ತು ಏದುಸಿರು ಬಿಟ್ರೂ ಕಣ ಸೊಟ್ಟಗಾಗೋ ಮಟ್ಟಕ್ಕೆ ಹೋಗಲ್ಲ. ನಮ್ಮ ಟ್ಯೂಬಲ್ಲಿ ಮಾತ್ರ ಪೂರ್ತಿ ಆಕ್ಸಿಜನ್ ಕಿತ್ಕೊಳ್ತೀವಿ, ಮೈಯಲ್ಲಿ ಯಾವತ್ತೂ ಬರದಂಥ ಪರಿಸ್ಥಿತಿ ಅದು, ಹಾಗಾಗಿ ತಾಯಿ ಮಗಳು ಇಬ್ಬರದ್ದೂ ಮಬ್ಬಾಗತ್ತೆ. ಇಬ್ಬರನ್ನೂ ಬೇರೆ ಮಾಡಿ ಹೇಳೋಕೆ ಇನ್ನೊಂದು ಟೆಸ್ಟು ಬೇಕು. ವ್ಯಾಲೀನ್ ಬಂದಾಗ ಗ್ಲುಟಾಮಿಕ್ ಆಮ್ಲದ ಮೈನಸ್ ಚಾರ್ಜ್ ಹೋಗಿರತ್ತಲ್ಲ, ಕರೆಂಟ್ ಕೊಟ್ರೆ ಈ ಹಿಮೋಗ್ಲೋಬಿನ್ ಪ್ಲಸ್ ಕಡೆಗೆ ಸ್ವಲ್ಪ ನಿಧಾನ ಓಡತ್ತೆ, ತಾಯಿಯ ರಕ್ತದಲ್ಲಿ ಎರಡು ಪಟ್ಟಿ ಕಾಣತ್ತೆ. 1949ರಲ್ಲಿ ಲೈನಸ್ ಪಾಲಿಂಗ್ ತಂಡ ತೋರಿಸಿದ್ದು ಇದನ್ನೇ, ಒಂದು ಕಾಯಿಲೆ ಒಂದು ಅಣುವಿನ ದೋಷ ಅಂತ ಜಗತ್ತಿಗೆ ಮೊದಲ ಸಲ ಗೊತ್ತಾಯ್ತು. ದೋಷ ಯಾವ ಆಮ್ಲದಲ್ಲಿ ಅಂತ ಕೇಂಬ್ರಿಜ್‌ನಲ್ಲಿ ವರ್ನನ್ ಇಂಗ್ರಾಮ್ 1956-57ರಲ್ಲಿ ಹುಡುಕಿದ್ರು, ಹಿಮೋಗ್ಲೋಬಿನ್ನನ್ನ ತುಂಡು ತುಂಡು ಮಾಡಿ ಕಾಗದದ ಮೇಲೆ ಹರಡಿದ್ರೆ ಅಷ್ಟೂ ಚುಕ್ಕೆಗಳಲ್ಲಿ ಜಾಗ ಬದಲಾಗಿದ್ದು ಒಂದೇ ಒಂದು.

ಅಪ್ಪ ಅಮ್ಮ ಇಬ್ಬರಿಗೂ ಈ ಜಿಟಿಜಿಯ ಒಂದೊಂದು ಪ್ರತಿ ಇದ್ರೆ ಪ್ರತಿ ಮಗುವಿಗೂ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಮಗುವಿಗೂ, ಅದನ್ನ ಒತ್ತಿ ಹೇಳ್ಬೇಕು. ಒಂದಕ್ಕೆ ಆಯ್ತಲ್ಲ ಇನ್ನು ಮೂರು ಸೇಫು ಅಂತ ಲೆಕ್ಕ ಹಾಕೋರನ್ನ ನಾನೇ ನೋಡಿದೀನಿ, ಕವಡೆಗೆ ಹಿಂದಿನ ಆಟ ನೆನಪಿರಲ್ಲ.

ಇಂಥ ಅಕ್ಷರ ಯಾಕೆ ಅಳಿದು ಹೋಗ್ಲಿಲ್ಲ ಅಂದ್ರೆ ಕಾರಣ ಮಲೇರಿಯಾ. ಒಂದೇ ಪ್ರತಿ ಇರೋರನ್ನ ಮಲೇರಿಯಾ ಸುಲಭಕ್ಕೆ ಕೊಲ್ಲಲ್ಲ, 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಇದನ್ನ ತೋರಿಸಿದ್ರು. ನಮ್ಮಲ್ಲಿ ಮೊದಲು ಪತ್ತೆ ಆಗಿದ್ದು 1952ರಲ್ಲಿ ನೀಲಗಿರಿ ಬೆಟ್ಟದ ಬುಡಕಟ್ಟುಗಳಲ್ಲಿ, ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡೂ ಅದಕ್ಕೆ ಅಂಟಿಕೊಂಡೇ ಇದೆ. ಮಲೇರಿಯಾ ಇದ್ದ ಕಾಡಲ್ಲಿ ತಲೆತಲಾಂತರ ಬದುಕಿದವರನ್ನ ಕಾಪಾಡಿದ ಅಕ್ಷರ ಅದು, "ಕೆಟ್ಟ ಜೀನ್" ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರತ್ತೆ.

ಇನ್ನೊಂದು ವಿಷಯ ಉಳ್ಕೊಂಡಿದೆ. ಹೊಟ್ಟೆಯೊಳಗಿರೋ ಮಗು ಬೀಟಾ ಸರಪಣಿ ಹೆಚ್ಚು ಬಳಸಲ್ಲ, ಪಕ್ಕದಲ್ಲೇ ಇರೋ ಗಾಮಾ ಅನ್ನೋ ಜೀನ್ ಓದಿಸ್ಕೊಂಡು ಬೇರೆ ಥರದ ಹಿಮೋಗ್ಲೋಬಿನ್ ಮಾಡ್ಕೊಳ್ಳತ್ತೆ, ತಾಯಿ ರಕ್ತದಿಂದ ಆಕ್ಸಿಜನ್ ಎಳ್ಕೊಳ್ಳೋಕೆ ಅದೇ ವಾಸಿ. ಹುಟ್ಟಿದ ಮೇಲೆ ನಿಧಾನಕ್ಕೆ ಗಾಮಾ ಪುಟ ಮುಚ್ಚಿ ಬೀಟಾ ಪುಟ ತೆರೀತಾರೆ. ಮುಚ್ಚೋ ಕೆಲಸ ಮಾಡೋದು ಬಿಸಿಎಲ್11ಎ ಅನ್ನೋ ಇನ್ನೊಂದು ಪ್ರೋಟೀನ್. ಗಾಮಾದಲ್ಲಿ ಆ ವ್ಯಾಲೀನ್ ತೊಂದ್ರೆ ಇಲ್ಲ, ಹಗ್ಗ ಹೊಸೆಯೋಕೂ ಬಿಡಲ್ಲ. ಭಾರತದಲ್ಲಿ ಈ ಕಾಯಿಲೆ ಇರೋ ಸುಮಾರು ಜನರಲ್ಲಿ ಗಾಮಾ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಜಾಸ್ತಿ ಉಳ್ಕೊಂಡಿರತ್ತೆ, ಹಾಗಾಗಿ ಅದೇ ಅಕ್ಷರ ಎರಡು ಪ್ರತಿ ಇದ್ರೂ ಆಫ್ರಿಕಾದವರಷ್ಟು ಕಷ್ಟ ಎಷ್ಟೋ ಜನಕ್ಕೆ ಇರಲ್ಲ. ಈ ಕಾಯಿಲೆಗೆ ಕೊಡೋ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೆಲಸ ಮಾಡೋದೂ ಬಹುಪಾಲು ಗಾಮಾವನ್ನ ಹೆಚ್ಚಿಸಿಯೇ. 2023ರ ಕೊನೇಲಿ ಬ್ರಿಟನ್, ಆಮೇಲೆ ಅಮೆರಿಕ ಒಪ್ಪಿಗೆ ಕೊಟ್ಟ ಕ್ರಿಸ್ಪರ್ (ಡಿಎನ್‌ಎಯನ್ನ ಬೇಕಾದ ಜಾಗದಲ್ಲಿ ಕತ್ತರಿಸೋ ತಂತ್ರ) ಚಿಕಿತ್ಸೆ ಇದೆಯಲ್ಲ, ಅದರಲ್ಲಿ ತಪ್ಪಾಗಿರೋ ಅಕ್ಷರವನ್ನ ಸರಿ ಮಾಡ್ತಾರೆ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಇಲ್ಲ, ಆ ಜಿಟಿಜಿ ಹಾಗೇ ಇರತ್ತೆ. ರೋಗಿಯ ಮಜ್ಜೆಯ ಜೀವಕೋಶ ಹೊರತೆಗೆದು ಬಿಸಿಎಲ್11ಎಯ ಸ್ವಿಚ್ಚನ್ನ ಕತ್ತರಿಸ್ತಾರೆ, ಮುಚ್ಚಿದ್ದ ಗಾಮಾ ಪುಟ ಮತ್ತೆ ತೆರ್ಕೊಳ್ಳತ್ತೆ. ಒಪ್ಪಿಗೆ ಸಿಕ್ಕಾಗ ಅಮೆರಿಕದಲ್ಲಿ ಇದರ ಬೆಲೆ ಒಬ್ಬರಿಗೆ 22 ಲಕ್ಷ ಡಾಲರ್ ಇತ್ತು. ಹಾಡಿಗೆ ಬರೋ ಹೊತ್ತಿಗೆ ಎಷ್ಟಾಗತ್ತೋ.

ನಾಲ್ಕು ತಿಂಗಳು ಬಿಟ್ಟು ಅದೇ ಹಾಡಿಗೆ ಹೋದಾಗ ಆ ತಾಯಿ ಮತ್ತೆ ಬಂದಿದ್ರು, ಈ ಸಲ ನಾನು ಮಣೆ ಹಾಕಿ ಕೂತು ಎರಡು ಬಣ್ಣದ ಹುರುಳಿಕಾಳು ಇಟ್ಟು ಎಲ್ಲಾ ಹೇಳಿದೆ. ಕೇಳಿಸ್ಕೊಂಡು, ಸೆರಗಲ್ಲಿ ಸುತ್ತಿದ್ದ ಎರಡು ತಿಂಗಳ ಕೂಸನ್ನ ತೋರಿಸಿ ಇದಕ್ಕೂ ನೋಡಿ ಅಂದ್ರು. ಪಕ್ಕದಲ್ಲಿದ್ದ ಹೊಸ ಹುಡುಗ ಕೈಯಲ್ಲಿ ಟ್ಯೂಬ್ ಹಿಡ್ಕೊಂಡು ರೆಡಿ ಆಗಿದ್ದ. ಬೇಡ, ಆರು ತಿಂಗಳೊಳಗಿನ ಮಗುವಿಗೆ ಇದರಲ್ಲಿ ಹಾಕಬಾರದು, ಹಿಮ್ಮಡಿಯ ರಕ್ತ ಕಾಗದದ ಮೇಲೆ ತಗೊಂಡು ದೊಡ್ಡ ಲ್ಯಾಬಿಗೆ ಕಳಿಸೋಣ ಅಂದೆ. ಯಾಕೆ ಅಂತ ಅವನು ಕೇಳೋ ಮೊದಲೇ ಆಯಮ್ಮನೇ ಅಂದ್ರು, "ಇನ್ನೂ ಹೊಟ್ಟೆಯೊಳಗಿನ ರಕ್ತಾನೇ ಇದೆಯಲ್ಲ ಅದಕ್ಕೆ, ಗೆರೆ ಕಂಡೇ ಕಾಣತ್ತೆ."